ದೊಡ್ಡಮ್ಮನಿಗೆ: ಆ ನೂಲನ್ನು ತೊಳೆದು ನೋಡದೆ ಬಿಡಬೇಡಿ

ದೊಡ್ಡಮ್ಮ, ನಮಸ್ಕಾರ. ನಾನು ಕಳಿಸಿದ ಎಂಟು ಉಂಡೆ ಉಣ್ಣೆ ನೂಲು ಒರಟಾಗಿದೆ, ಎಣ್ಣೆಯ ವಾಸನೆ ಬರುತ್ತಿದೆ, ಹಳೆಯ ಮಾಲು ಕೊಟ್ಟಿದ್ದಾರೆಯೇ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಉತ್ತರ ಉದ್ದವಾಗುತ್ತದೆ, ಕೈಯಲ್ಲಿರುವ ಕೆಲಸ ಮುಗಿಸಿಕೊಂಡು ಕೇಳಿ.

ಅದು ಹಳೆಯ ಮಾಲಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಸ್ಯಾಂಡ್‌ನೆಸ್ ಎಂಬಲ್ಲಿ ಜೇಮಿಸನ್ಸ್ ಎಂಬ ಗಿರಣಿಯಿದೆ, ಅಲ್ಲಿ ನೂತದ್ದು. ನೂಲುವಾಗ ಎಳೆ ಹರಿಯದಿರಲೆಂದು ಉಣ್ಣೆಗೆ ಎಣ್ಣೆ ಹಾಕುತ್ತಾರೆ, ಅದರ ಅಂಶ ಉಂಡೆಯಲ್ಲಿಯೂ ಉಳಿದಿರುತ್ತದೆ. ಹುಣಸೆ ಬೀಜದ ಗಂಜಿ ಕುಡಿದ ನಮ್ಮ ಕುರುಬರ ಹೊಸ ಕಂಬಳಿ ಹಲಗೆಯಂತೆ ನಿಲ್ಲುತ್ತದಲ್ಲವೇ? ಇದೂ ಹಾಗೆಯೇ, ನೀರು ಕಂಡ ಮೇಲೆ ಅರಳುತ್ತದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಅದರ ನುಣುಪಿಗೆ ಒಗ್ಗಿದ ಬೆರಳಿಗೆ ಇದು ಒರಟೆನಿಸುವುದು ಸಹಜ.

ಈ ನೂಲಿನಲ್ಲಿ ಎಳೆಗಳು ಒಂದೇ ದಿಕ್ಕಿಗೆ ಮಲಗಿರುವುದಿಲ್ಲ, ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಆದ್ದರಿಂದಲೇ ತೂಕ ಕಡಿಮೆ, ಬಿಸುಪು ಹೆಚ್ಚು. ಒಂದರ ಕೈ ಒಂದು ಹಿಡಿದಿರುವುದರಿಂದ ಅಲ್ಲಿನ ಹೆಂಗಸರು ಸ್ವೆಟರನ್ನು ಕೊಳವೆಯಂತೆ ಸುತ್ತಲೂ ಹೆಣೆದು, ಆಮೇಲೆ ಎದೆಯ ನಡುವೆ ಕತ್ತರಿ ಹಾಕಿ ಗುಂಡಿಪಟ್ಟಿ ಕೂಡಿಸುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಒಂದು ಕುಣಿಕೆಯೂ ಜಾರುವುದಿಲ್ಲ. ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತ್ತು.

ನೀವು ಈಗ ಮಾಡಬೇಕಾದದ್ದು ಇಷ್ಟೇ. ಮೂರೂಕಾಲು ಮಿಲಿಮೀಟರ್ ಕಡ್ಡಿಯಲ್ಲಿ ಅಂಗೈಗಿಂತ ದೊಡ್ಡದೊಂದು ಚೌಕ ಹೆಣೆಯಿರಿ. ಉಗುರುಬೆಚ್ಚನೆಯ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ ಇಪ್ಪತ್ತು ನಿಮಿಷ ನೆನೆಸಿ. ಬಟ್ಟೆಸೋಪಿನ ಪುಡಿ ಬೇಡ, ಉಜ್ಜುವುದಂತೂ ಬೇಡವೇ ಬೇಡ. ಉಜ್ಜಿದರೆ ಎಳೆಗಳು ಗಂಟುಗಟ್ಟಿ ಕುಗ್ಗುತ್ತವೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ, ಆನಂತರ ಅಳೆಯಿರಿ. ಈ ಕೆಲಸಕ್ಕೆ ಸೋಮಾರಿತನ ಮಾಡಿ ನಾನು ಹೆಣೆದ ಮೊದಲ ಟೋಪಿ, ತೊಳೆದ ಮೇಲೆ ಹುಬ್ಬಿನ ತನಕ ಇಳಿದುಬಂದಿತ್ತು.

ಒಂದು ಉಂಡೆ 25 ಗ್ರಾಂ, ಸುಮಾರು 105 ಮೀಟರ್. ಎಂಟು ಉಂಡೆ ಸೇರಿದರೆ 840 ಮೀಟರ್, ನಾಲ್ಕು ವರ್ಷದ ಪುಟ್ಟನ ಸ್ವೆಟರಿಗೆ ಧಾರಾಳ. ಆದರೆ ಬರಿಮೈಗೆ ಹಾಕಬೇಡಿ, ಎಷ್ಟು ತೊಳೆದರೂ ಮೆರಿನೊ ಎಂಬ ನಯವಾದ ಕುರಿ ಉಣ್ಣೆಯ ಮೆದುತನ ಇದಕ್ಕೆ ಬರುವುದಿಲ್ಲ. ಒಳಗೆ ಕಾಲರಿನ ಹತ್ತಿಯ ಅಂಗಿಯಿರಲಿ. ಆ ಕಡುಬೂದು ಉಂಡೆಗೆ ಅಲ್ಲಿ ಶೇಲಾ ಎನ್ನುತ್ತಾರೆ, ಕಂದು ಬಣ್ಣದ್ದಕ್ಕೆ ಮೂರಿಟ್. ಎರಡೂ ಕುರಿಯ ಮೈಬಣ್ಣಗಳೇ.

ಚೌಕ ಒಣಗಿದ ಮೇಲೆ ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂದಿತೆಂದು ಎಣಿಸಿ ಇಲ್ಲಿ ಬರೆಯಿರಿ. ಮೂವತ್ತರ ಆಸುಪಾಸು ಇದ್ದರೆ ಕಡ್ಡಿ ಬದಲಿಸಬೇಕಾಗಿಲ್ಲ, ಪುಟ್ಟನ ಎದೆಯಳತೆಯನ್ನೂ ಜೊತೆಗೆ ಕಳಿಸಿಬಿಡಿ.