ಅಣ್ಣಿಗೇರ್ಯಾಗ ಟ್ರೇನ್ ಇಳಿಯೋ ಮುಂದ ಬಿದ್ದು ತಮ್ಮನ ಪಾದ ಹೋಗೇತಿ, ಪರಿಹಾರ ಕೇಳಾಕ ಬರತೈತೇನ್ರಿ?

ಅಣ್ಣಿಗೇರಿ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗತೈತಿ, ದಯವಿಟ್ಟು ಪೂರ್ತಿ ಓದಿ ದಾರಿ ಹೇಳ್ರಿ. ನಮ್ ತಮ್ಮ ಹುಬ್ಬಳ್ಳಿ ದುರ್ಗದಬೈಲ್ ಕಡೆ ಅರಬಿ ಅಂಗಡ್ಯಾಗ ಕೆಲಸಕ್ಕ ಹೊಕ್ಕಾನ, ದಿನಾ ಟ್ರೇನಿಗೇ ಓಡಾಡ್ತಾನ. ಹೋದ ತಿಂಗಳ ಒಂದಿನ ಸಂಜಿ ಗಾಡಿಗೆ ಬರೋ ಮುಂದ ಜನರಲ್ ಬೋಗಿ ತುಂಬಿ ತುಳುಕಾಡಾಕತ್ತಿತ್ತಂತ, ಅಣ್ಣಿಗೇರ್ಯಾಗ ನಿಂತಾಗ ಮಂದಿ ಸರಿಸ್ಕೊಂತ ಬಾಗಲ ತನಕಾ ಬರೋದ್ರಾಗ ಗಾಡಿ ಬಿಟ್ಟೈತಿ, ಇಳಿಯಾಕ ಹೋದಾಗ ಹಿಂದಿನವ್ರು ನೂಕಿದ್ರೋ ಕಾಲ ಜಾರಿತೋ ಅವಂಗೂ ನೆಟ್ಟಗ ನೆನಪಿಲ್ಲ, ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವ ಸಿಕ್ಕೊಂಡ. ಎಡಗಾಲ ಪಾದ ಉಳಿಸಾಕ ಆಗಲಿಲ್ಲ, ಹುಬ್ಬಳ್ಳ್ಯಾಗ ಆಪರೇಶನ್ ಮಾಡಿ ತಗದ್ರು.

ಈಗ ತ್ರಾಸ ಏನಂದ್ರ, ಹೇಳಿಕೆ ಬರಕೊಂಡವ್ರು "ಚಲಿಸುತ್ತಿದ್ದ ರೈಲಿನಿಂದ ಇಳಿಯಲು ಹೋಗಿ ತಾನೇ ಬಿದ್ದಿರುತ್ತಾನೆ" ಅಂತ ಬರದಾರ. ಊರಾಗ ಎಲ್ಲಾರೂ ನಿಮ್ ಹುಡುಗಂದ ತಪ್ಪು, ಒಂದ್ ರೂಪಾಯಿನೂ ಬರಂಗಿಲ್ಲ ಅಂತಾರ. ಅವತ್ತ ಪಾಸ್ ಮುಗದಿತ್ತಂತ ಕೌಂಟರಿನಾಗ ಟಿಕೆಟ್ ತಗೊಂಡಿದ್ದ, ಆ ಟಿಕೆಟ್ ಪ್ಯಾಂಟ್ ಕಿಸೆದಾಗ ಇತ್ತು, ತುರ್ತಿನಾಗ ಪ್ಯಾಂಟ್ ಕತ್ತರಿಸಿ ತಗದಿದ್ರಿಂದ ಎಲ್ಲಿ ಹೋತೋ ಗೊತ್ತಿಲ್ಲ. ಇದರ ನಡುವ ಒಬ್ಬಾಂವ ವಾರ್ಡಿಗೇ ಬಂದು ನಾ ರೈಲ್ವೆ ಕ್ಲೇಮ್ ಮಾಡಸ್ತೀನಿ, ಬಂದದ್ರಾಗ ನೂರಕ್ಕ ನಲವತ್ತು ನನಗ ಕೊಡ್ರಿ, ಈ ಪೇಪರಿಗೆ ಸಹಿ ಹಾಕ್ರಿ ಅಂದ. ಪೇಪರ್ ಖಾಲಿ ಇತ್ತು. ಅವ್ವ ಬ್ಯಾಡ ಅಂದ್ಲು ಅಂತ ತಡದೀವಿ, ಆದ್ರ ಅಂವ ದಿನಾ ಫೋನ್ ಮಾಡಾಕತ್ತಾನ. ಏನ್ ಮಾಡೂಣ್ರಿ? ತಮ್ಮಗ 24 ವರ್ಷ, ಮನಿ ನಡಸೋ ಮಗಾ ಅಂವ.

ಕೊಪ್ಪದ_ಕಾಕಾ:
ತಮ್ಮಾ, ಮೊದಲ ಆ ಮನಷ್ಯಾನ ನಂಬರ್ ಬ್ಲಾಕ್ ಮಾಡು. ಖಾಲಿ ಪೇಪರಿಗೆ, ಖಾಲಿ ವಕಾಲತ್ತಿಗೆ (ನಮ್ ಪರ ಕೇಸ್ ನಡಸ್ರಿ ಅಂತ ವಕೀಲರಿಗೆ ಬರಕೊಡೋ ಕಾಗದ), ಖಾಲಿ ಚೆಕ್ಕಿಗೆ ಯಾರಿಗೂ ಸಹಿ ಕೊಡಬ್ಯಾಡ. ನಮ್ ಬೀಗರ ಮನ್ಯಾಗ ಹಿಂಗ ಆಗಿತ್ತು, ಗದಗ ಸ್ಟೇಶನ್ನಿನಾಗ ಹತ್ತೋ ಮುಂದ ಬಿದ್ದಿದ್ರು, ಅವರ ಕೇಸೂ ಬೆಂಗಳೂರಾಗ ನಡದು ರೊಕ್ಕ ಬಂತು. ಊರಾಗಿನವ್ರ ಮಾತು ಕೇಳಿ ಸುಮ್ಮ ಕುಂತಿದ್ರ ಬರ್ತಿರಲಿಲ್ಲ. ಹುಡುಗಂಗ ತಪ್ಪು ನಿಂದ ಅಂತ ಯಾರೂ ಮಾರಿ ಮುಂದ ಅನ್ನದಂಗ ನೋಡ್ಕೊ, ಕಾಲ ಕಳಕೊಂಡಾಂವ ಅದನ್ನ ಕೇಳಬಾರ್ದು. ಕಾನೂನು ಗೊತ್ತಿದ್ದವ್ರು ಯಾರರ ಇದ್ರ ಉಳದದ್ದು ಹೇಳ್ರಿ.

ಧಾರವಾಡ_ಜೂನಿಯರ್:
ನಾನು ಧಾರವಾಡದಲ್ಲಿ ವಕೀಲಿಕಿ ಮಾಡ್ತೀನಿ, ಕ್ಲೇಮ್ ಕೇಸ್‌ಗಳನ್ನೇ ಹೆಚ್ಚು ನೋಡ್ತೀನಿ. ನಿಮ್ಮ ತಮ್ಮನ ಕೇಸ್ ಗಟ್ಟಿ ಅದ. ಯಾಕ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರ ಇದು ಗೊತ್ತಿಲ್ದ ಎಷ್ಟೋ ಮಂದಿ ಮನ್ಯಾಗ ಕೂಡ್ತಾರ.

ರೈಲ್ವೆ ಕಾಯ್ದೆ 1989ರ 124ಎ ಕಲಮು ಅಂತ ಅದ. ಟ್ರೇನಿನಿಂದ ಪ್ರಯಾಣಿಕ ಆಕಸ್ಮಿಕವಾಗಿ ಬಿದ್ರ, ರೈಲ್ವೆಯವರ ತಪ್ಪು ಇರಲಿ ಇಲ್ದಿರಲಿ, ರೈಲ್ವೆ ಪರಿಹಾರ ಕೊಡಬೇಕು. ತಪ್ಪು ಯಾರ್ದು ಅನ್ನೋ ಪ್ರಶ್ನೀನೇ ಅಲ್ಲಿ ಬರಂಗಿಲ್ಲ. ಕೊಡಬೇಕಾಗಿಲ್ಲ ಅನ್ನೋ ಸಂದರ್ಭ ಅಲ್ಲೇ ಬರದಾರ: ಆತ್ಮಹತ್ಯೆ ಅಥವಾ ಅದರ ಪ್ರಯತ್ನ, ತಾನಾಗೇ ಮಾಡ್ಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಕುಡದ ಅಮಲು ಅಥವಾ ಬುದ್ಧಿಭ್ರಮಣೆ, ಮತ್ತ ಸಹಜ ಕಾರಣ, ರೋಗ ಅಥವಾ ಈ ಅಪಘಾತದ ಗಾಯಕ್ಕ ಸಂಬಂಧ ಇಲ್ಲದ ಚಿಕಿತ್ಸೆ. ಇಷ್ಟೇ. ಗಡಿಬಿಡಿ ಮಾಡಿದ, ಎಚ್ಚರ ತಪ್ಪಿದ ಅನ್ನೋದು ಈ ಪಟ್ಟಿಯೊಳಗ ಇಲ್ಲ.

ರೈಲ್ವೆ ಪರ ವಕೀಲರು "ತಾನಾಗೇ ಮಾಡ್ಕೊಂಡ ಗಾಯ" ಅನ್ನೋ ಮಾತಿಗೇ ಜೋತು ಬೀಳ್ತಾರ, ಓಡೋ ಗಾಡಿಯಿಂದ ಇಳದಾನ ಅಂದ್ರ ತಾನೇ ಮಾಡ್ಕೊಂಡಂಗ ಅಂತ. ಇದಕ್ಕ ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಉತ್ತರ ಕೊಟ್ಟದ: ಹತ್ತೋವಾಗ ಇಳಿಯೋವಾಗ ಆದ ಸಾವು ಗಾಯ ಎಲ್ಲಾ ಇದರೊಳಗ ಬರ್ತದ, ಗಾಯ ಮಾಡ್ಕೋಬೇಕು ಅನ್ನೋ ಉದ್ದೇಶ ಇದ್ರ ಮಾತ್ರ ತಾನಾಗೇ ಮಾಡ್ಕೊಂಡಂಗ, ಬರೀ ಅಲಕ್ಷ್ಯ ಆದ್ರ ಅಲ್ಲ ಅಂತ. ಅದಕ್ಕ ನಿಮ್ಮ ಹೇಳಿಕೆಯೊಳಗಿನ "ಇಳಿಯಲು ಹೋಗಿ ಬಿದ್ದ" ಅನ್ನೋ ಸಾಲು ನೋಡಿ ಗಾಬರಿ ಆಗಬ್ಯಾಡ್ರಿ. ಒಂದು ಲೆಕ್ಕದಾಗ ಅಂವ ಟ್ರೇನಿನಿಂದ್ಲೇ ಬಿದ್ದ ಅನ್ನೋದನ್ನ ಅದೇ ಒಪ್ಕೊಂಡಂಗ ಆತು. ಆದ್ರ ಗಾಡಿ ತುಂಬಿತ್ತು, ಬಾಗಲಕ್ಕ ಬರೋದ್ರಾಗ ಬಿಡ್ತು ಅನ್ನೋದು ಬಿಟ್ಟುಹೋಗಿದ್ರ ತಮ್ಮನ ಕಡೆಯಿಂದ ರೈಲ್ವೆ ಪೊಲೀಸರಿಗೆ ಲಿಖಿತವಾಗಿ ಇನ್ನೊಂದು ಹೇಳಿಕೆ ಕೊಡಿಸಿ ಸ್ವೀಕೃತಿ ತಗೊಳ್ರಿ.

ಟಿಕೆಟ್ ಕಳದದ್ದಕ್ಕೂ ಅದೇ ತೀರ್ಪಿನಾಗ ದಾರಿ ಅದ. ಟಿಕೆಟ್ ಸಿಗಲಿಲ್ಲ ಅಂದ ಮಾತ್ರಕ್ಕ ಪ್ರಯಾಣಿಕ ಅಲ್ಲ ಅನ್ನಂಗಿಲ್ಲ, ನೀವು ಅಫಿಡವಿಟ್ (ಪ್ರಮಾಣ ಮಾಡಿ ಬರಕೊಡೋ ಹೇಳಿಕೆ) ಹಾಕಿ ಸಂಗತಿ ಹೇಳಿದ ಮ್ಯಾಲೆ ಸುಳ್ಳು ಅಂತ ತೋರಸೋ ಭಾರ ರೈಲ್ವೆದು. ಹಂಗಂತ ಹಳಿ ಹತ್ರ ಸಿಕ್ಕವರೆಲ್ಲಾ ಪ್ರಯಾಣಿಕರು ಅಂತನೂ ಕೋರ್ಟ್ ಹೇಳಿಲ್ಲ, ಅದಕ್ಕ ಸಾಕ್ಷಿ ಕೂಡಸ್ರಿ. ಅಂಗಡಿ ಮಾಲೀಕರು ಎಷ್ಟೊತ್ತಿಗೆ ಬಿಟ್ಟ ಅಂತ ಹೇಳಬಹುದು, ಜೊತಿ ಬರೋ ಗೆಳ್ಯಾರು ಬೋಗ್ಯಾಗ ನೋಡಿದ್ವಿ ಅಂತ ಹೇಳಬಹುದು, ಹಳೇ ಪಾಸ್ ಇದ್ರ ದಿನಾ ಓಡಾಡ್ತಿದ್ದ ಅನ್ನೋದಕ್ಕ ಆಧಾರ ಆಗ್ತದ.

ಗದಗ_ಲೋಕಲ್:
ಸರ್ ಒಂದು ಡೌಟ್, ಬಾಗಲದಾಗ ನಿಂತು ಬಿದ್ರ ಅದು ಅಪರಾಧ ಅಂತ ಕೇಸ್ ವಜಾ ಮಾಡ್ತಾರ ಅಂತ ನಮ್ ಆಫೀಸಿನಾಗ ಒಬ್ಬರು ಹೇಳ್ತಿದ್ರು. ದಿನಾ ಸೀಟ್ ಸಿಗದ ಬಾಗಲದಾಗ ನಿಂತ್ ಬರೋರು ನಾವು, ನಮಗೂ ತಿಳೀಲಿ ಅಂತ ಕೇಳಾಕತ್ತೀನಿ.

ಧಾರವಾಡ_ಜೂನಿಯರ್:
ಇಲ್ಲ. 2010ರ ಜಮೀಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡದ, ತೆರೆದ ಬಾಗಲದಾಗ ನಿಲ್ಲೋದು ಅಲಕ್ಷ್ಯ ಆಗಬಹುದು, ಅಪರಾಧ ಕೃತ್ಯ ಅಲ್ಲ ಅಂತ. ಪರಿಹಾರಕ್ಕ ಅದು ಅಡ್ಡಿ ಆಗಂಗಿಲ್ಲ. ಆದ್ರ ಹಳಿ ದಾಟೋವಾಗ ಗಾಡಿ ಬಡದ್ರ ಅದು ಬ್ಯಾರೆ, ಅದು 124ಎ ಒಳಗ ಬರಂಗಿಲ್ಲ, ಅತಿಕ್ರಮ ಪ್ರವೇಶ ಅಂತ ಆಗ್ತದ. ಈ ಸೀಮಿಯೊಳಗ ಮೇಲ್ಸೇತುವೆ ಹತ್ತಿ ಇಳಿಯೋ ಬ್ಯಾಸರಕ್ಕ ಹಳಿ ದಾಟೋರು ಭಾಳ ಮಂದಿ ಇದ್ದಾರ, ಅವರಿಗೆ ಈ ರಕ್ಷಣೆ ಇಲ್ಲ ಅನ್ನೋದು ಗೊತ್ತಿರಲಿ. ಇನ್ನ ಮಂದೀನ ಕಳಸಾಕ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಬಂದವರೂ ಕಾನೂನಿನ ಪ್ರಕಾರ ಈ ಕಲಮಿಗೆ ಪ್ರಯಾಣಿಕರೇ.

ಅಣ್ಣಿಗೇರಿ_ಹುಡುಗ:
ಸರ್ ಓದಿ ಅವ್ವಗ ಹೇಳಿದೆ, ಕಣ್ಣಾಗ ನೀರ್ ಬಂತ್ರಿ ಆಕಿಗೆ. ಅರ್ಜಿ ಎಲ್ಲಿ ಹಾಕೋದು, ಹುಬ್ಬಳ್ಳ್ಯಾಗ ರೈಲ್ವೆ ದೊಡ್ಡ ಆಫೀಸ್ ಐತಲ್ಲ ಅಲ್ಲೇ ಕೊಡಬಹುದೇನ್ರಿ? ಎಷ್ಟ ಬರಬಹುದು? ಇನ್ನೊಂದು, ಈಗ ಔಷಧಕ್ಕ ಸಾಲ ಮಾಡೀವಿ, ಕೇಸ್ ಮುಗಿಯೋ ತನಕಾ ಕಾಯಬೇಕೇನು?

ಧಾರವಾಡ_ಜೂನಿಯರ್:
ಹುಬ್ಬಳ್ಳ್ಯಾಗ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಅದ, ಆದ್ರ ಕ್ಲೇಮ್ ತೀರ್ಮಾನ ಮಾಡೋದು ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್, ನಮಗ ಬೆಂಗಳೂರು ಪೀಠ. ನೀವು ವಾಸ ಇರೋ ಊರು, ಟಿಕೆಟ್ ತಗೊಂಡ ಊರು, ಇಳಿಯೋ ಊರು, ಅಪಘಾತ ಆದ ಊರು, ಇವುಗಳಲ್ಲಿ ಯಾವುದು ಯಾವ ಪೀಠದ ವ್ಯಾಪ್ತಿಗೆ ಬರ್ತದೋ ಅಲ್ಲಿ ಹಾಕಬಹುದು. ಅಪಘಾತ ಆದ ದಿನದಿಂದ ಒಂದು ವರ್ಷದ ಒಳಗ ಹಾಕ್ರಿ. ತಡ ಆದ್ರ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು, ಆದ್ರ ಅದನ್ನ ನೆಚ್ಚಿ ಕೂಡಬ್ಯಾಡ್ರಿ. ಗಾಯ ಮತ್ತು ಸಾವಿನ ಅರ್ಜಿಗೆ ಟ್ರಿಬ್ಯುನಲ್ ಶುಲ್ಕ ಇಲ್ಲ, ಹಂಗಾಗಿ ಫೀಸ್ ಕಟ್ಟಬೇಕು ಅಂತ ಯಾರರ ದುಡ್ಡು ಕೇಳಿದ್ರ ನಂಬಬ್ಯಾಡ್ರಿ.

ದರ ನಿಯಮದಾಗೇ ಬರದದ. ಸಾವಿಗೆ 8 ಲಕ್ಷ, 2017ರ ಜನವರಿ 1ಕ್ಕಿಂತ ಮೊದಲು 4 ಲಕ್ಷ ಇತ್ತು. ಅಂಗ ಹೋದ್ರ ಯಾವ ಅಂಗ, ಎಲ್ಲಿಂದ ಹೋಗ್ಯದ ಅನ್ನೋದರ ಮ್ಯಾಲೆ ಕೋಷ್ಟಕ ಅದ. ಕಾಲಿಗಂತೂ ಮೊಣಕಾಲ ಕೆಳಗ ಎಷ್ಟು ಸೆಂಟಿಮೀಟರ್ ಉಳದದ ಅನ್ನೋ ಅಳತಿ ಮ್ಯಾಲೆ ದರ ಬದಲಾಗ್ತದ. ಅದಕ್ಕ ಬಿಡುಗಡೆ ಸಾರಾಂಶದಾಗ, ಅಂಗವೈಕಲ್ಯ ಪ್ರಮಾಣಪತ್ರದಾಗ ಎಲ್ಲಿಂದ ತಗದಾರ, ಎಷ್ಟು ಉಳದದ ಅಂತ ಸ್ಪಷ್ಟ ಬರಸ್ಕೊಳ್ರಿ. ಬರೀ "ಎಡಗಾಲು ಗಾಯ" ಅಂತ ಇದ್ರ ಮುಂದ ತ್ರಾಸ ಆಗ್ತದ. ಎಂಎಲ್‌ಸಿ (ಅಪಘಾತದ ಕೇಸ್ ಅಂತ ದವಾಖಾನ್ಯಾಗ ಮಾಡೋ ದಾಖಲೆ) ನಂಬರ್, ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಅಪಘಾತ ಆಗೇತಿ ಅಂತ ಅಣ್ಣಿಗೇರಿ ಸ್ಟೇಶನ್ ಮಾಸ್ಟರ್ ಬರದು ಕೊಟ್ಟ ಮೆಮೊ, ರೈಲ್ವೆ ಪೊಲೀಸರ ಕಾಗದ, ಇವೆಲ್ಲಾ ಈಗಲೇ ಕೂಡಸ್ರಿ. ಮೆಮೊ ಕೊಡಾಕ ಸತಾಯಿಸಿದ್ರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಹತ್ತಿದ ಸ್ಟೇಶನ್ನಿನ ಸಿಸಿಟಿವಿ ಇದ್ರ ಅದನ್ನ ಕಾಯ್ದಿಡ್ರಿ ಅಂತ ಇವತ್ತೇ ಅರ್ಜಿ ಕೊಡ್ರಿ, ಅದನ್ನ ಭಾಳ ದಿನ ಇಟ್ಟಿರಂಗಿಲ್ಲ.

ಸಾಲದ ವಿಷಯಕ್ಕ, ಕಾಯ್ದೆಯ 126ನೇ ಕಲಮಿನಲ್ಲಿ ಮಧ್ಯಂತರ ಪರಿಹಾರ (ಕೇಸ್ ಮುಗಿಯೋಕಿಂತ ಮೊದಲ ಕೊಡೋ ಹಣ) ಕೊಡ್ರಿ ಅಂತ ರೈಲ್ವೆ ಆಡಳಿತಕ್ಕೇ ಅರ್ಜಿ ಹಾಕಬಹುದು, ಕೊಟ್ರ ಆಮೇಲೆ ಬರೋದ್ರಾಗ ಅದನ್ನ ಕಳೀತಾರ. ಇನ್ನ ತಮ್ಮನ ಹೆಸರಲ್ಲಿ ಬ್ಯಾಂಕಿನ ಅಪಘಾತ ವಿಮಾ ಏನರ ಇದ್ರ ಅದನ್ನೂ ಕೇಳ್ರಿ, ರೈಲ್ವೆ ಪರಿಹಾರ ತಗೊಂಡ್ರ ವಿಮಾ ಹಣ ತಪ್ಪಂಗಿಲ್ಲ, 128ನೇ ಕಲಮು ಅದನ್ನ ಕಾಪಾಡ್ತದ. ಆನ್‌ಲೈನ್ ಟಿಕೆಟಿಗೆ ಪೈಸೆ ಲೆಕ್ಕದಾಗ ವಿಮಾ ಸಿಗ್ತದಲ್ಲ, ಅದು ಕೌಂಟರಿನ ಜನರಲ್ ಟಿಕೆಟಿಗೆ ಇಲ್ಲ.

ನಲವತ್ತು ಪರ್ಸೆಂಟಿನ ಮಾತು ಖಡಕ್ಕಾಗಿ ಹೇಳ್ತೀನಿ. ಬಂದ ಪರಿಹಾರದಾಗ ಪಾಲು ಅಂತ ಮಾತಾಡ್ಕೊಳ್ಳೋದು ವಕೀಲರ ನಿಯಮದ ಪ್ರಕಾರ ನಿಷಿದ್ಧ. ಏಜೆಂಟ್ ಆಗಿ ವಾರ್ಡಿಗೆ ಬರೋನು ವಕೀಲನೂ ಅಲ್ಲ. ನೀವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡ್ರಿ. ಅಂಗವಿಕಲರು, ಹೆಣ್ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಇವರಿಗೆಲ್ಲಾ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರ ನೆರವು ಕೇಳೋ ಹಕ್ಕದ.

ಸವಣೂರ_ಅಕ್ಕ:
ನಡುವ ಬಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ ಅತ್ತಿ ಹಾವೇರಿ ದಾರ್ಯಾಗ ಸರ್ಕಾರಿ ಬಸ್ಸಿನಿಂದ ಬಿದ್ರು, ಇನ್ನೂ ಕೆಳಗ ಕಾಲ ಇಟ್ಟಿರಲಿಲ್ಲ ಬಸ್ ಬಿಟ್ಟಬಿಟ್ರು, ತೊಡಿ ಎಲುಬು ಮುರದೈತಿ, ರಾಡ್ ಹಾಕ್ಯಾರ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇತ್ತು, ಪುಕ್ಕಟೆ ಪ್ರಯಾಣ ಮಾಡಿದವ್ರಿಗೆ ಏನೂ ಸಿಗಂಗಿಲ್ಲ ಅಂತ ಒಬ್ಬರು ಮಾರಿ ಮ್ಯಾಲೆ ಅಂದ್ರು. ಖರೇನ್ರಿ?

ಧಾರವಾಡ_ಜೂನಿಯರ್:
ಅಕ್ಕಾರ, ಖರೇ ಅಲ್ಲ. ರೊಕ್ಕ ಕೊಟ್ಟಾರೋ ಇಲ್ಲೋ ಅನ್ನೋದರ ಮ್ಯಾಲೆ ಈ ಹಕ್ಕು ನಿಂತಿಲ್ಲ, ಬದಲಿಗೆ ಆ ಶೂನ್ಯ ಟಿಕೆಟ್ ನಿಮ್ಮತ್ತಿ ಆ ಬಸ್ಸಿನಾಗೇ ಇದ್ರು ಅನ್ನೋದಕ್ಕ ಒಳ್ಳೇ ಪುರಾವೆ. ಈಗಲೇ ಫೋಟೋ ತಗದು ಇಡ್ರಿ, ಆ ಕಾಗದದ ಮಸಿ ಬಲು ಲಗೂ ಅಳಿಸಿ ಹೋಗ್ತದ.

ಆದ್ರ ಬಸ್ಸಿನ ದಾರಿ ಟ್ರೇನಿಗಿಂತ ಬ್ಯಾರೆ. ಇದು ಮೋಟಾರು ವಾಹನ ಕಾಯ್ದೆ ಕೆಳಗ ಬರ್ತದ, ನಿಮ್ಮ ಜಿಲ್ಲಾದ ಕೋರ್ಟಿನಾಗೇ ಮೋಟಾರು ಅಪಘಾತ ಕ್ಲೇಮ್ ನ್ಯಾಯಮಂಡಳಿ ಇರ್ತದ, ಬೆಂಗಳೂರಿಗೆ ಹೋಗಬೇಕಾಗಿಲ್ಲ. 166ನೇ ಕಲಮಿನಲ್ಲಿ ಹಾಕಿದ್ರ ಡ್ರೈವರನ ಅಲಕ್ಷ್ಯ ನೀವು ತೋರಸಬೇಕು. ದವಾಖಾನಿ ಖರ್ಚು, ದುಡಿಮಿ ನಷ್ಟ, ಮುಂದಿನ ಅಂಗನ್ಯೂನತೆ, ನೋವು ಎಲ್ಲಾ ಲೆಕ್ಕ ಹಾಕ್ತಾರ, ರೈಲ್ವೆ ಹಂಗ ಕಟ್ಟಿಟ್ಟ ದರ ಇಲ್ಲ. ಮನ್ಯಾಗ ಅಡಗಿ ಮಾಡೋರು ಅಂತ ದುಡಿಮಿ ಸೊನ್ನೆ ಅಂತ ಬರಸಬ್ಯಾಡ್ರಿ, ಮನಿಗೆಲಸಕ್ಕೂ ಕೋರ್ಟ್ ಬೆಲೆ ಕಟ್ತದ. ಅಲಕ್ಷ್ಯ ತೋರಸಾಕ ಆಗಂಗಿಲ್ಲ ಅಂದ್ರ 164ನೇ ಕಲಮು ಅದ, ತಪ್ಪು ತೋರಸದೇ ತೀವ್ರ ಗಾಯಕ್ಕ ಎರಡೂವರೆ ಲಕ್ಷ, ಎಲುಬು ಮುರದದ್ದು ತೀವ್ರ ಗಾಯದಾಗ ಬರ್ತದ. ಎರಡರೊಳಗ ಒಂದೇ ದಾರಿ ಸಿಗ್ತದ, ಅದಕ್ಕ ಸಹಿ ಹಾಕೋಕಿಂತ ಮೊದಲ ವಕೀಲರ ಜೋಡಿ ಕೂತು ಲೆಕ್ಕ ಮಾಡ್ರಿ.

2022ರ ಏಪ್ರಿಲಿನಿಂದ ಕಾಯ್ದೆಯೊಳಗ 6 ತಿಂಗಳ ಗಡುವು ಬಂದದ, ಅದರೊಳಗೇ ಹಾಕ್ರಿ. ಮತ್ತ ಪೊಲೀಸ್ ದೂರು ಆಗ್ಯದೇನು? ಸರ್ಕಾರಿ ಬಸ್ಸಿನ ಸಾಕಷ್ಟು ಪ್ರಕರಣದಾಗ ಆ ಹೊತ್ತಿಗೆ "ನಾವೇ ದವಾಖಾನಿಗೆ ತೋರಸ್ತೀವಿ, ದೂರು ಬ್ಯಾಡ" ಅಂತ ಸಮಾಧಾನ ಮಾಡ್ತಾರ, ಆಮೇಲೆ ಕೇಸಿನ ಕಾಲಾಗ ಎಫ್‌ಐಆರ್ ಇಲ್ಲ ಅಂತ ಅದನ್ನೇ ಎತ್ತಿ ತೋರಸ್ತಾರ.

ಸವಣೂರ_ಅಕ್ಕ:
ಹಂಗ ಆಗೈತ್ರಿ ಖರೇನ, ದೂರು ಕೊಟ್ಟಿಲ್ಲ. ನಾಳೆ ಮುಂಜಾನೆ ನಮ್ಮವ್ರನ್ನ ಕರಕೊಂಡು ಸ್ಟೇಶನ್ನಿಗೆ ಹೊಕ್ಕೀನಿ.

ಕೊಪ್ಪದ_ಕಾಕಾ:
ಹೋಗವ್ವಾ. ಬಸ್ ನಂಬರ್, ಟೈಮ್, ಕಂಡಕ್ಟರ್ ಕೊಟ್ಟ ಟಿಕೆಟ್, ದವಾಖಾನ್ಯಾಗ ದಾಖಲ್ ಆದ ವೇಳೆ ಎಲ್ಲಾ ಒಂದ್ ಹಾಳ್ಯಾಗ ಬರಕೊಂಡ ಹೋಗು, ಅಲ್ಲಿ ಹೋಗಿ ನೆನಪ ಮಾಡ್ಕೊಂತ ನಿಂದ್ರಬ್ಯಾಡ. ದೂರು ಯಾಕ ತಡ ಆತು ಅನ್ನೋದೂ ಅದರಾಗೇ ಬರಿ, ಅತ್ತಿ ಆಪರೇಶನ್ನಿನಾಗ ಇದ್ರು ಅಂತ. ದೂರು ತಗೋವಲ್ರು ಅಂದ್ರ ಅಂಚೆ ಮೂಲಕ ಎಸ್‌ಪಿ ಸಾಹೇಬ್ರಿಗೆ ಕಳಸು.

ಅಣ್ಣಿಗೇರಿ_ಹುಡುಗ:
ಸ್ಟೇಶನ್ ಮಾಸ್ಟರ್ ಆಫೀಸಿಗೆ ಇವತ್ತ ಹೋಗಿದ್ದೆ, ಅವತ್ತಿನ ಮೆಮೊ ನಂಬರ್ ಬರಕೊಟ್ರು. ತಮ್ಮನ ಜೋಡಿ ಬರ್ತಿದ್ದ ಇಬ್ಬರು ಗೆಳ್ಯಾರು ಹೇಳಿಕೆ ಕೊಡ್ತೀವಿ ಅಂದಾರ. ಕಾನೂನು ಸೇವಾ ಆಫೀಸಿಗೆ ಹೋಗೋ ಮುಂದ ತಮ್ಮನ್ನ ಕರಕೊಂಡ ಹೋಗಲೇಬೇಕೇನ್ರಿ? ಇನ್ನೂ ಹೊಲಿಗಿ ಒಣಗಿಲ್ಲ.

ಧಾರವಾಡ_ಜೂನಿಯರ್:
ಬ್ಯಾಡ, ನೀವೊಬ್ರೇ ಹೋಗಿ ಕಾಗದ ಕೊಡ್ರಿ, ಆಧಾರ್ ಜೆರಾಕ್ಸ್, ದವಾಖಾನಿ ಕಾಗದ, ಮೆಮೊ ನಂಬರ್ ಸಾಕು. ವಕಾಲತ್ತಿಗೆ ಅವನ ಸಹಿ ಬೇಕಾದಾಗ ಮನಿಗೇ ಬಂದು ತಗೊಳ್ರಿ ಅಂತ ನೇಮಿಸಿದ ವಕೀಲರಿಗೆ ಕೇಳ್ರಿ. ಸಹಿ ಹಾಕೋ ಮೊದಲ ಹೆಸರು, ಕೇಸಿನ ವಿವರ ಎಲ್ಲಾ ತುಂಬಿರಲಿ, ಮತ್ತ ಪರಿಹಾರದ ಹಣ ಬರೋ ಬ್ಯಾಂಕ್ ಖಾತೆ ತಮ್ಮನ ಒಬ್ಬನ ಹೆಸರಲ್ಲೇ ಇರಲಿ, ಆ ಪಾಸ್‌ಬುಕ್ಕು ಎಟಿಎಂ ಕಾರ್ಡು ಯಾರ ಕೈಯಾಗೂ ಕೊಡಬ್ಯಾಡ್ರಿ.