ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಹೊಸ ಚಾಲಕರಿಗೆ ಎಷ್ಟು ವೇಗ ಸೂಕ್ತ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ ಕಾರಿನ ಚಾಲನಾ ಪರವಾನಗಿ ದೊರೆತು ಹೆಚ್ಚು ದಿನಗಳಾಗಿಲ್ಲ. ಊರೊಳಗೆ ಹದಡಿ ರಸ್ತೆ, ಹಳೇ ಪಿ.ಬಿ. ರಸ್ತೆಗಳಲ್ಲಿ ಗಾಬರಿಯಿಲ್ಲದೆ ಓಡಿಸುತ್ತೇನೆ. ಆದರೆ ಮುಂದಿನ ತಿಂಗಳಿನಿಂದ ಕೆಲಸದ ನಿಮಿತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಆಗಾಗ ಹೋಗಿಬರಬೇಕಾಗಿದ್ದು, ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆನಗೋಡಿನವರೆಗೆ ಹೋಗಿ ನೋಡಿದ್ದೇನೆ. ನಿಧಾನವಾಗಿ ಹೋದರೆ ಹಿಂದಿನ ಲಾರಿಯವರು ಬಿಡದೆ ಹಾರ್ನ್ ಹೊಡೆಯುತ್ತಾರೆ, ವೇಗ ಹೆಚ್ಚಿಸಿದರೆ ನನಗೇ ಭಯವಾಗುತ್ತದೆ. ಹೆದ್ದಾರಿಯಲ್ಲಿ ಎಷ್ಟು ವೇಗದಲ್ಲಿ, ಯಾವ ಪಥದಲ್ಲಿ ಹೋಗುವುದು ಸರಿ? ರಾತ್ರಿಯ ಚಾಲನೆಯನ್ನು ಆರಂಭದಲ್ಲೇ ಮಾಡಬಹುದೇ?

ಉತ್ತರ 1 (ನಿವೃತ್ತ ಬಸ್ ಚಾಲಕ, ಭರಮಸಾಗರ)

ತಂಗಿ, ವೇಗವನ್ನು ಮೀಟರಿನ ಅಂಕಿಯಿಂದ ಅಳೆಯುವುದಕ್ಕಿಂತ, ಕಣ್ಣಿಗೆ ಕಾಣುತ್ತಿರುವಷ್ಟು ದೂರದೊಳಗೆ ಗಾಡಿ ನಿಲ್ಲುತ್ತದೆಯೇ ಎಂಬುದರಿಂದ ಅಳೆಯುವುದು ಒಳ್ಳೆಯದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಹೋಗುತ್ತದೆ. ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೇ ಒಂದೂವರೆ ಸೆಕೆಂಡ್ ಬೇಕು. ಹೀಗಾಗಿ ಒಣ ರಸ್ತೆಯಲ್ಲಿ, ಒಳ್ಳೆಯ ಟೈರುಗಳಿದ್ದರೂ, ಗಾಡಿ ಪೂರ್ತಿ ನಿಲ್ಲುವಾಗ 65 ರಿಂದ 70 ಮೀಟರ್ ಕಳೆದಿರುತ್ತದೆ. 60ರ ವೇಗದಲ್ಲಾದರೆ ಸುಮಾರು 45 ಮೀಟರ್ ಸಾಕು. ಡಿಮ್ ಬೆಳಕಿನಲ್ಲಿ ದೀಪವಿಲ್ಲದ ವಸ್ತು ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 50–60 ಮೀಟರ್ ದೂರದಿಂದ. ಅಂದಮೇಲೆ ರಾತ್ರಿ ಡಿಮ್‌ನಲ್ಲಿ 80ರ ವೇಗದಲ್ಲಿ ಹೋಗುವವನು ತನಗೆ ಕಾಣದ ರಸ್ತೆಯ ಮೇಲೆ ಓಡುತ್ತಿದ್ದಾನೆ ಎಂದೇ ಅರ್ಥ.

ಈ ಲೆಕ್ಕ ನಮ್ಮ ಭಾಗಕ್ಕೆ ಹೆಚ್ಚು ಅನ್ವಯಿಸುತ್ತದೆ. ಸುಗ್ಗಿಯ ದಿನಗಳಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರುಗಳು ದಾವಣಗೆರೆಯ ಮಾರುಕಟ್ಟೆಗೆ ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇರುವುದಿಲ್ಲ. ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟು ಸುಮ್ಮನಾಗುವುದೂ ಉಂಟು. ಎದುರಿನಿಂದ ಯಾರೂ ಬರದಿದ್ದಾಗ, ಮುಂದೆಯೂ ಹತ್ತಿರದಲ್ಲಿ ವಾಹನವಿಲ್ಲದಿದ್ದಾಗ ಹೈಬೀಮ್ ಬಳಸಿ, ಬಂದೊಡನೆ ಡಿಮ್ ಮಾಡಿ. ಎದುರಿನವರು ಡಿಮ್ ಮಾಡದೆ ಕಣ್ಣು ಕೋರೈಸಿದರೆ ದೃಷ್ಟಿಯನ್ನು ಎಡಬದಿಯ ಬಿಳಿ ಗೆರೆಯತ್ತ ಹೊರಳಿಸಿ ವೇಗ ತಗ್ಗಿಸಬೇಕೇ ಹೊರತು, ಸಿಟ್ಟಿನಿಂದ ನಾವೂ ಹೈಬೀಮ್ ಹಾಕಬಾರದು. ಆಗ ಇಬ್ಬರಿಗೂ ಏನೂ ಕಾಣುವುದಿಲ್ಲ.

ಮುಂದಿನ ವಾಹನಕ್ಕೂ ನಿಮಗೂ ಎಷ್ಟು ಅಂತರ ಇರಬೇಕೆಂಬುದನ್ನು ಎಣಿಸಿ ತಿಳಿಯಬಹುದು. ಅದು ಕಿಲೋಮೀಟರ್ ಕಲ್ಲನ್ನು ದಾಟಿದೊಡನೆ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಹೇಳಿಕೊಳ್ಳಿ. ಹೇಳಿ ಮುಗಿಸುವ ಮೊದಲೇ ನೀವು ಆ ಕಲ್ಲನ್ನು ಮುಟ್ಟಿದರೆ ತೀರಾ ಹತ್ತಿರವಿದ್ದೀರಿ. ಮಳೆಯಲ್ಲಿ ಈ ಅಂತರವನ್ನು ಇಮ್ಮಡಿ ಮಾಡಿ. ನೀವು ಬಿಟ್ಟ ಜಾಗಕ್ಕೆ ಬೇರೆಯವರು ನುಗ್ಗುತ್ತಾರೆ, ಅದೂ ನಿಜ. ನುಗ್ಗಲಿ, ಮತ್ತೆ ಹಿಂದೆ ಸರಿದು ಅಷ್ಟೇ ಅಂತರ ಮಾಡಿಕೊಳ್ಳಿ.

ಉತ್ತರ 2 (ಹೊಳಲ್ಕೆರೆ)

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಇದನ್ನು ಓದಿದ ಹೊಸಬರು ಹಗಲಿನಲ್ಲೂ 40ರ ವೇಗದಲ್ಲಿ ಬಲಪಥದಲ್ಲಿ ತೆವಳಿದರೆ ಅದೂ ಅಪಾಯವೇ. ವಿಭಜಕದ ಪಕ್ಕದ ಪಥ ಇರುವುದು ಹಿಂದಿಕ್ಕುವುದಕ್ಕೆ. ಅಲ್ಲಿ ನಿಧಾನವಾಗಿ ಹೋದರೆ ಹಿಂದಿನವರು ಎಡಗಡೆಯಿಂದ ನುಗ್ಗಿ ದಾಟುತ್ತಾರೆ, ಮತ್ತು ನೀವು ಎಡಕ್ಕೆ ಬರಲು ನೋಡುವ ಹೊತ್ತಿಗೆ ಅವರು ಸರಿಯಾಗಿ ನಿಮ್ಮ ಕನ್ನಡಿಗೆ ಕಾಣದ ಮೂಲೆಯಲ್ಲಿರುತ್ತಾರೆ. ಆದ್ದರಿಂದ ಹಗಲಿನಲ್ಲಿ ಫಲಕದ ಮಿತಿಯೊಳಗೆ 60–70ರ ವೇಗದಲ್ಲಿ ಎಡಪಥದಲ್ಲೇ ಸಾಗಿ. ಹಾರ್ನ್ ಕೇಳಿತೆಂದು ವೇಗ ಹೆಚ್ಚಿಸಬೇಡಿ. ದಾಟಬೇಕಾದವರು ದಾಟಿಕೊಂಡು ಹೋಗುತ್ತಾರೆ.

ಹಳ್ಳಿಗಳ ಬಳಿ ಮಾತ್ರ ಎಡಪಥವೂ ನಿಶ್ಚಿಂತೆಯಲ್ಲ. ದೂರದ ತಿರುವಿನವರೆಗೆ ಹೋಗಿಬರುವ ಬೇಸರಕ್ಕೆ ಬೈಕು, ಟ್ರ್ಯಾಕ್ಟರುಗಳು ಎದುರು ದಿಕ್ಕಿನಲ್ಲಿ ಅದೇ ಅಂಚು ಹಿಡಿದು ಬರುತ್ತವೆ. ಊರಿನ ಹೆಸರಿನ ಫಲಕ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲೆ ಹಗುರವಾಗಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಲಾರಿಯನ್ನು ದಾಟುವಾಗ ಅದರ ಪಕ್ಕದಲ್ಲೇ ಜೊತೆಯಾಗಿ ಸಾಗಬೇಡಿ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಇಳಿಯಬೇಕಾದ ತಿರುವು ತಪ್ಪಿದರೆ ಹಿಂದಕ್ಕೆ ಬರುವ ಯೋಚನೆ ಬೇಡ, ಮುಂದಿನ ತಿರುವಿನವರೆಗೆ ಹೋಗಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಧೈರ್ಯ ಬರುವವರೆಗೆ ಸರ್ವೀಸ್ ರಸ್ತೆಯಲ್ಲೇ ಹೋಗುವುದು ಉತ್ತಮವೇ? ಇನ್ನೊಂದು ವಿಷಯ: ನಮ್ಮ ತಂದೆಯವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಅಗತ್ಯವಿಲ್ಲವೆಂದು ವಾದಿಸುತ್ತಾರೆ.

ಉತ್ತರ 3 (ಚಿತ್ರದುರ್ಗ)

ಮೇಡಂ, ಸರ್ವೀಸ್ ರಸ್ತೆ ಉದ್ದಕ್ಕೂ ಇರುವುದಿಲ್ಲ. ಇರುವ ಕಡೆ ಜನ, ದನ, ಅಡ್ಡ ನಿಂತ ಆಟೋಗಳು ಇರುತ್ತವೆ. ಸುಗ್ಗಿಯಲ್ಲಿ ಅದೇ ಕಣವೂ ಆಗುತ್ತದೆ. ಹರಡಿದ ಜೋಳದ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿ, ರಾಗಿ ಹುಲ್ಲು ಕಾರಿನಡಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಒಕ್ಕಣೆ ಕಂಡರೆ ಬದಿಯಲ್ಲಿ ಖಾಲಿ ಜಾಗವಿರುವ ಕಡೆಯಿಂದ ಹೋಗಿ. ಅನಿವಾರ್ಯವಾಗಿ ಹತ್ತಿಸಿದರೆ ಸ್ವಲ್ಪ ಮುಂದೆ ನಿಲ್ಲಿಸಿ, ಇಂಜಿನ್ ಆರಿಸಿ, ಅಡಿಯಲ್ಲಿ ನೋಡಿ. ಸರ್ವೀಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿದ ಮೇಲೂ ಒಮ್ಮೆ ಬಲಭುಜದತ್ತ ಕತ್ತು ತಿರುಗಿಸಿ ನೋಡಿಯೇ ಸೇರಿ.

ತಂದೆಯವರಿಗೆ ಕಾನೂನನ್ನೇ ತೋರಿಸಿ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡವಿದೆ. ದಂಡಕ್ಕೆ ಅವರು ಹೆದರದಿದ್ದರೆ, ಢಿಕ್ಕಿಯಾದಾಗ ಬೆಲ್ಟಿಲ್ಲದ ಹಿಂಬದಿಯವರು ಮುಂದಿನ ಸೀಟಿಗೆ, ಎಂದರೆ ಓಡಿಸುತ್ತಿರುವ ಮಗಳ ಬೆನ್ನಿಗೇ, ಬಂದು ಅಪ್ಪಳಿಸುತ್ತಾರೆ ಎಂದು ಹೇಳಿ ನೋಡಿ.

ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ರೂಢಿಯನ್ನು ಕಲಿಯಬೇಡಿ. ಆಗ ನೀವು ಎತ್ತ ತಿರುಗುತ್ತೀರೆಂದು ಯಾರಿಗೂ ತಿಳಿಯುವುದಿಲ್ಲ. ಅದು ಕೆಟ್ಟು ನಿಂತಾಗ ಬಳಸುವುದು. ಹಾಗೆ ನಿಲ್ಲಬೇಕಾಗಿ ಬಂದರೆ ಗಾಡಿಯನ್ನು ಅಂಚಿಗೆ ತಂದು, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ತಡೆಬೇಲಿಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಮೊದಲ ಕೆಲವು ವಾರ ಕತ್ತಲಾಗುವ ಮುನ್ನವೇ ಚಿತ್ರದುರ್ಗದಿಂದ ಹೊರಡಲು ಕಚೇರಿಯಲ್ಲಿ ಅನುಮತಿ ಸಿಗುವುದೇ ಎಂದು ಕೇಳಿ. ಸಿಗದಿದ್ದರೆ ಕತ್ತಲಾಗುವ ದಿನಗಳಲ್ಲಿ ಬಸ್ಸಿನಲ್ಲಿ ಹೋಗಿಬನ್ನಿ.