ಅಮ್ಮನೇ ಬೇಕು ಅನ್ನುವ ಮಗಳು, ಬೆಳಗ್ಗೆ ಅಪ್ಪನ ಪಾಳಿ: ನಮ್ಮ ಅನುಭವ

ಮುಂದಿನ ತಿಂಗಳಿಂದ ಹೆಂಡತಿಗೆ ಬೆಳಗಿನ ಪಾಳಿ, 6 ಗಂಟೆಗೆಲ್ಲ ಮನೆ ಬಿಡುತ್ತಾರೆ, 4 ವರ್ಷದ ಮಗಳನ್ನು ಎಬ್ಬಿಸಿ ತಿಂಡಿ ತಿನ್ನಿಸಿ ಜಡೆ ಹಾಕಿ ಶಾಲೆಗೆ ಬಿಡುವುದೆಲ್ಲ ನನ್ನ ಮೇಲೆ ಬೀಳುತ್ತೆ, ಅವಳು ನೋಡಿದರೆ ಎಲ್ಲದಕ್ಕೂ ಅಮ್ಮನೇ ಬೇಕು ಅಂತಾಳೆ, ಈ ಥರ ಇರುವ ಅಪ್ಪಂದಿರು ಹೇಗೆ ನಿಭಾಯಿಸಿದಿರಿ ಹೇಳಿ ಅಂತ ಕೇಳಿದ್ದೀರಿ. ನಾನು ಬರೆಯುತ್ತೇನೆ. ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಮಗಳಿಗೆ ಈಗ 7 ವರ್ಷ. ಅವಳು ನರ್ಸರಿಗೆ ಸೇರಿದಾಗಿನಿಂದ ಬೆಳಗಿನ ಹೊತ್ತು ಪೂರ್ತಿ ನನ್ನದೇ. ನನ್ನ ಅನುಭವದ ಜೊತೆಗೆ ಅಕ್ಕಪಕ್ಕದ ಇನ್ನಿಬ್ಬರು ಅಪ್ಪಂದಿರದ್ದೂ ಸೇರಿಸಿ ಹೇಳುತ್ತೇನೆ.

ಮೊದಲು ಅಳುವಿನ ವಿಷಯ. ನಿಮಗೆ ಅದೇ ಜಾಸ್ತಿ ಚಿಂತೆ ಅಂತ ಕಾಣುತ್ತೆ. ಪಾಳಿ ಶುರುವಾಗುವ ತನಕ ಕಾಯಬೇಡಿ. ಹೆಂಡತಿ ಇನ್ನೂ ಮನೆಯಲ್ಲಿರುವ ಈ ದಿನಗಳಲ್ಲೇ ಬೆಳಗಿನ ಕೆಲಸ ನಿಮ್ಮ ಕೈಗೆ ತೆಗೆದುಕೊಳ್ಳಿ. ಪೂರ್ತಿ ತೆಗೆದುಕೊಳ್ಳಿ. ಹಲ್ಲುಜ್ಜಿಸುವುದು, ಸ್ನಾನ, ತಿಂಡಿ, ಬಟ್ಟೆ, ಜಡೆ, ಡಬ್ಬಿ, ನೀರಿನ ಬಾಟಲಿ, ಎಲ್ಲ. ಬಹಳ ಮನೆಗಳಲ್ಲಿ ಆಗುವುದೇನು ಅಂದರೆ ಅಮ್ಮ ಯೂನಿಫಾರ್ಮ್ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿರುತ್ತಾಳೆ, ಡಬ್ಬಿ ತುಂಬಿಸಿರುತ್ತಾಳೆ, ಅಪ್ಪ ಬಂದು ಶೂ ಹಾಕಿ ಗಾಡಿ ಹತ್ತಿಸುತ್ತಾನೆ. ಮಕ್ಕಳು ಇದನ್ನೆಲ್ಲ ನೋಡ್ತಾನೇ ಇರುತ್ತಾರೆ. ಕಾಲುಚೀಲ ಎಲ್ಲಿದೆ ಅಂತ ಅಪ್ಪನೇ ಅಮ್ಮನನ್ನು ಕೇಳುವಾಗ, ನಾನು ಅಪ್ಪನನ್ನು ಕೇಳಿ ಏನು ಪ್ರಯೋಜನ ಅಂತ ಅವಳಿಗೆ ಅನ್ನಿಸುವುದು ಸಹಜ ಅಲ್ವಾ? ಯಾವ ದಿನ ಬಿಳಿ ಶೂ, ಯಾವ ದಿನ ಕಪ್ಪು ಶೂ, ಬಣ್ಣದ ಪೆನ್ಸಿಲ್ ಯಾವಾಗ ಕೊಟ್ಟು ಕಳಿಸಬೇಕು, ಯಾವ ಚಡ್ಡಿಯ ಎಲಾಸ್ಟಿಕ್ ಅವಳ ಹೊಟ್ಟೆಗೆ ಒತ್ತುತ್ತೆ, ಇದೆಲ್ಲ ನಿಮ್ಮ ತಲೆಯಲ್ಲಿರಬೇಕು. ಅದು ಬಂದ ದಿನ ಅಮ್ಮ ಬೇಕು ಅನ್ನುವುದು ತಾನಾಗೇ ಕಡಿಮೆ ಆಗುತ್ತೆ. ನಾನು ಹೇಳಬೇಕು ಅಂತಿರುವ ಮುಖ್ಯ ವಿಷಯ ಇದೇ. ಉಳಿದದ್ದೆಲ್ಲ ಇದನ್ನು ಮಾಡುವ ದಾರಿ.

ಹಿಂದಿನ ರಾತ್ರಿಯೇ ಮಗಳಿಗೆ ಹೇಳಿಬಿಡಿ. ನೀನು ಏಳುವಷ್ಟರಲ್ಲಿ ಅಮ್ಮ ಕೆಲಸಕ್ಕೆ ಹೋಗಿರುತ್ತಾಳೆ, ಅಪ್ಪ ಇರುತ್ತಾನೆ, ನೀನು ಊಟ ಮಾಡಿ ಮಲಗಿ ಎದ್ದ ಮೇಲೆ ಅಮ್ಮ ಬರುತ್ತಾಳೆ ಅಂತ. ಆ ವಯಸ್ಸಿಗೆ ಮೂರು ಗಂಟೆ ಅಂದರೆ ಅರ್ಥ ಆಗಲ್ಲ, ಮಲಗಿ ಎದ್ದ ಮೇಲೆ ಅಂದರೆ ಆಗುತ್ತೆ. ಅತ್ತರೆ ಎತ್ತಿಕೊಂಡು ಕೂತುಕೊಳ್ಳಿ, ಸುಮ್ನೆ. ಬುದ್ಧಿ ಹೇಳುವುದು ಬೇಡ, ಮೊಬೈಲ್ ಕೊಡುವುದು ಬೇಡ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿಕೊಡುವುದಂತೂ ಬೇಡವೇ ಬೇಡ, ಮುಖ ಕಂಡ ಕೂಡಲೇ ಅಳು ಎರಡರಷ್ಟಾಗುತ್ತೆ, ಆ ಕಡೆ ಅವರಿಗೂ ಕೆಲಸದ ಮೇಲೆ ಮನಸ್ಸು ನಿಲ್ಲಲ್ಲ. ಇದಕ್ಕೋಸ್ಕರವೇ ಬೆಳಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸಿ. ಆತುರ ಇಲ್ಲದ ಅಪ್ಪನ ಹತ್ತಿರ ಮಗು ಬೇಗ ಸಮಾಧಾನ ಆಗುತ್ತೆ.

ಇನ್ನು ಜಡೆ. ಗಂಡಸರು ಹೆದರುವುದು ಇದಕ್ಕೇ, ಆದರೆ ಕಲಿತರೆ ಮಗಳ ಜೊತೆ ಇಷ್ಟು ಹತ್ತಿರ ಕೂರಿಸುವ ಕೆಲಸ ಬೇರೆ ಇಲ್ಲ. ನೀವು ಮಂಚದ ತುದಿಯಲ್ಲಿ ಕೂತು ಅವಳನ್ನು ಕೆಳಗೆ ಸಣ್ಣ ಸ್ಟೂಲ್ ಮೇಲೆ ಕೂರಿಸಿಕೊಳ್ಳಿ, ನಿಮ್ಮ ಎರಡು ಮೊಣಕಾಲಿನ ಮಧ್ಯೆ. ಒದ್ದೆ ಕೂದಲನ್ನು ಬಾಚಬೇಡಿ, ತುಂಡಾಗುತ್ತೆ. ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿ ಉಜ್ಜಿ, ಕೂದಲಿನ ಕೆಳಗಿನ ಅರ್ಧಕ್ಕೆ ಸವರಿ. ಸಿಕ್ಕು ಬಿಡಿಸುವುದು ಯಾವಾಗಲೂ ತುದಿಯಿಂದ. ಒಂದು ಕೈಯಲ್ಲಿ ಕೂದಲನ್ನು ಸಿಕ್ಕಿನ ಮೇಲುಗಡೆ ಬಿಗಿಯಾಗಿ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ಕೆಳಗಿನ ನಾಲ್ಕು ಬೆರಳಷ್ಟು ಮಾತ್ರ ಬಾಚಿ, ಅದು ಸಲೀಸಾದ ಮೇಲೆ ಹಿಡಿತವನ್ನು ಇನ್ನಷ್ಟು ಮೇಲಕ್ಕೆ ಸರಿಸಿ. ಹೀಗೆ ಹಿಡಿದರೆ ಎಳೆತ ನಿಮ್ಮ ಕೈಗೆ ಬೀಳುತ್ತೆ, ಅವಳ ನೆತ್ತಿಗೆ ಬೀಳಲ್ಲ. ನೆತ್ತಿಯಿಂದ ಒಂದೇ ಸಲ ಎಳೆದರೆ ಮಗು ಕಿರುಚುತ್ತೆ, ಮಾರನೇ ದಿನ ಬಾಚಣಿಗೆ ಕಂಡರೆ ಓಡಿಹೋಗುತ್ತೆ.

ಬೈತಲೆ ತೆಗೆಯಲು ಉದ್ದ ಹಿಡಿಯ ಬಾಚಣಿಗೆ ಸಿಗುತ್ತೆ, ಗಾಂಧಿಬಜಾರಿನ ಬಳೆ ಅಂಗಡಿಗಳಲ್ಲೂ ಇದೆ. ಅದರ ಹಿಡಿಯ ತುದಿಯನ್ನು ಹಣೆಯಿಂದ ಕತ್ತಿನ ತನಕ ನಿಧಾನವಾಗಿ ಎಳೆದರೆ ಗೆರೆ ನೇರ ಬರುತ್ತೆ. ಜಡೆಯನ್ನು ಕಿವಿಯ ಹಿಂದಿನಿಂದ ಶುರು ಮಾಡಿ. ಮೂರು ಭಾಗ, ಬಲಗಡೆಯದು ನಡುವಿನದರ ಮೇಲೆ, ಆಮೇಲೆ ಎಡಗಡೆಯದು ನಡುವಿನದರ ಮೇಲೆ, ಅಷ್ಟೇ. ಮೊದಲ ಎರಡು ಹೆಣಿಗೆ ಬಿಗಿ ಇರಲಿ, ಅಲ್ಲಿ ಸಡಿಲ ಬಿಟ್ಟರೆ ಆಟದ ಪೀರಿಯಡ್ ಮುಗಿಯುವಷ್ಟರಲ್ಲಿ ಬಿಚ್ಚಿಹೋಗುತ್ತೆ. ತೀರಾ ಬಿಗಿಯೂ ಬೇಡ, ಹಣೆಯ ಚರ್ಮ ಹಿಂದಕ್ಕೆ ಎಳೆದ ಹಾಗೆ ಕಂಡರೆ ಬಿಚ್ಚಿ ಮತ್ತೆ ಹಾಕಿ. ದಿನಾ ಹಾಗೆ ಎಳೆದು ಕಟ್ಟಿದರೆ ಮುಂದಿನ ಕೂದಲು ಉದುರುತ್ತೆ. ಬರೀ ರಬ್ಬರ್ ಇರುವ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ತೆಗೆದುಕೊಳ್ಳಿ.

ನಮ್ಮ ಬೀದಿಯಲ್ಲಿ ಆಟೋ ಓಡಿಸುವ ಅಣ್ಣ ಒಬ್ಬರಿದ್ದಾರೆ. ಅವರ ಹೆಂಡತಿ ಗಾರ್ಮೆಂಟ್ಸಿಗೆ ಬೇಗ ಹೋಗುತ್ತಾರೆ, ಇಬ್ಬರು ಹೆಣ್ಣುಮಕ್ಕಳಿಗೂ ಜಡೆ ಹಾಕುವುದು ಇವರೇ. ಹೇಗೆ ಕಲಿತಿರಿ ಅಂತ ಕೇಳಿದೆ. ಹಳೇ ಸೀರೆ ಅಂಚಿನ ಮೂರು ಪಟ್ಟಿ ಆಟೋದೊಳಗಿನ ಕಂಬಿಗೆ ಕಟ್ಟಿಕೊಂಡು, ಸ್ಟ್ಯಾಂಡಿನಲ್ಲಿ ಸರದಿ ಕಾಯುವಾಗ ಹೆಣೆಯುತ್ತಾ ಕೂರುತ್ತಿದ್ದರಂತೆ. ಈಗ ಆ ಮಕ್ಕಳ ಜಡೆ ನೋಡಿದರೆ ನೂಲು ಹಿಡಿದ ಹಾಗೆ ಇರುತ್ತೆ.

ಜಡೆಯ ಜೊತೆ ಹೇನಿನ ಮಾತೂ ಹೇಳಬೇಕು, ಶಾಲೆಗೆ ಹೋಗುವ ಮಕ್ಕಳಿಗೆ ಇದು ಬಂದೇ ಬರುತ್ತೆ, ಕೊಳಕಿಗೂ ಅದಕ್ಕೂ ಸಂಬಂಧ ಇಲ್ಲ. ತಲೆಗೆ ತಲೆ ತಾಗಿಸಿ ಆಡುವುದರಿಂದ ಬರುತ್ತೆ. ಕಿವಿಯ ಹಿಂದೆ ಮತ್ತು ಕತ್ತಿನ ಹತ್ತಿರ ನೋಡಿ, ಕೂದಲಿಗೆ ಬಿಳಿ ಚುಕ್ಕಿ ಅಂಟಿದ್ದು ಊದಿದರೂ ಹೋಗದಿದ್ದರೆ ಅದು ಸೀರು. ಔಷಧಿ ಹಾಕಿದರೆ ಹೇನು ಸಾಯುತ್ತೆ, ಆದರೆ ಮೊಟ್ಟೆಗಳಲ್ಲಿ ಕೆಲವು ಉಳಿದುಬಿಡುತ್ತವೆ. ಅವು ಒಡೆಯಲು ಸುಮಾರು 7ರಿಂದ 10 ದಿನ ಹಿಡಿಯುತ್ತೆ, ಅದಕ್ಕೇ ಒಂದು ಸಲ ಹಾಕಿ ಮರೆತರೆ ಮತ್ತೆ ಶುರು. ಯಾವ ಔಷಧಿ, ಎಷ್ಟು ದಿನ ಬಿಟ್ಟು ಮತ್ತೆ ಹಾಕಬೇಕು ಅಂತ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ಬಾಚುವುದನ್ನು ಬಿಡಬೇಡಿ. ಮನೆಯಲ್ಲಿ ಎಲ್ಲರ ತಲೆಯೂ ನೋಡಿ, ನಿಮ್ಮದೂ. ಮಗಳನ್ನು ಮಾತ್ರ ಬೈಯಬೇಡಿ, ಆಮೇಲೆ ಕೆರೆತ ಇದ್ದರೂ ಹೇಳಲ್ಲ.

ತಿಂಡಿಗೆ ದೊಡ್ಡ ಪಟ್ಟಿ ಬೇಡ. ಅವಲಕ್ಕಿ, ಚಿತ್ರಾನ್ನ, ಉಪ್ಪಿಟ್ಟು, ದೋಸೆ ಬಂದರೆ ವಾರ ಕಳೆಯುತ್ತೆ. ಡಬ್ಬಿಗೆ ದೋಸೆ ಹಾಕಿದರೆ ಮಧ್ಯಾಹ್ನಕ್ಕೆ ಚರ್ಮದ ಹಾಗೆ ಆಗುತ್ತೆ, ದಪ್ಪ ಹುಯ್ದು ತುಪ್ಪ ಸವರಿ ಕೈಯಲ್ಲಿ ಹಿಡಿಯುವಷ್ಟು ತುಂಡು ಮಾಡಿ ಹಾಕಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಚಿತ್ರಾನ್ನಕ್ಕೆ ಹಾಕುವ ಕಡಲೆಕಾಯಿ ಬೀಜವನ್ನು ಕುಟ್ಟಿ ಹಾಕಿ, ಇಡೀ ಬೀಜ 5 ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿ ಕೊಡಿ.

ಸ್ಕೂಟರಿನಲ್ಲಿ ಬಿಡುವುದಾದರೆ, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಅಭ್ಯಾಸ ನಮ್ಮ ಊರಿನಲ್ಲಿ ಎಲ್ಲೆಲ್ಲೂ ಇದೆ. ದಯವಿಟ್ಟು ಮಾಡಬೇಡಿ. ಬ್ರೇಕ್ ಹಾಕಿದರೆ ಅವಳ ಮುಖ ಸೀದಾ ಹ್ಯಾಂಡಲ್ಲಿಗೆ ಹೊಡೆಯುತ್ತೆ. 4 ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿಗೆ 2023ರ ಫೆಬ್ರವರಿಯಿಂದ ಬೇರೆ ನಿಯಮ ಇದೆ: ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಬೆಲ್ಟ್ ಇರಬೇಕು, 9 ತಿಂಗಳು ದಾಟಿದ್ದರೆ ತಲೆಗೆ ಸರಿಹೊಂದುವ ಹೆಲ್ಮೆಟ್ಟೂ ಬೇಕು, ವೇಗ 40 ಕಿ.ಮೀ. ದಾಟಬಾರದು. ನಿಮ್ಮ ಮಗಳಿಗೆ 4 ತುಂಬಿದ್ದರೂ ಆ ಬೆಲ್ಟ್ ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು. ಬೇಗ ಎದ್ದ ಮಕ್ಕಳು ಹಿಂದೆ ಕೂತಲ್ಲೇ ತೂಕಡಿಸುತ್ತಾರೆ. ಹೆಲ್ಮೆಟ್ ಕೊಳ್ಳಲು ಅವಳನ್ನೇ ಕರೆದುಕೊಂಡು ಹೋಗಿ, ಬಣ್ಣ ಅವಳೇ ಆರಿಸಲಿ, ಆಮೇಲೆ ಹಾಕಿಕೊಳ್ಳಲು ಹಟ ಮಾಡಲ್ಲ.

ಹೊರಗೆ ಹೋದಾಗ ಶೌಚಾಲಯದ ಕಷ್ಟ ಅಪ್ಪಂದಿರಿಗೆ ಮಾತ್ರ ಗೊತ್ತು. ರಜೆಯ ದಿನ ನಾವಿಬ್ಬರೇ ಲಾಲ್‌ಬಾಗಿಗೆ ಹೋಗುತ್ತೇವೆ, ಅವಳಿಗೆ ಆ ಬಂಡೆ ಹತ್ತುವುದು ಅಂದರೆ ಪ್ರಾಣ. ಇದು 300 ಕೋಟಿ ವರ್ಷ ಹಳೇ ಕಲ್ಲು ಅಂತ ಹೇಳಿದ್ದಕ್ಕೆ, ಅಜ್ಜಿ ಹುಟ್ಟಿದಾಗಲೂ ಇತ್ತಾ ಅಂತ ಕೇಳಿದಳು. ಆದರೆ ಅಲ್ಲಿರುವಾಗ ಅಪ್ಪ ಅರ್ಜೆಂಟ್ ಅಂದರೆ ಏನು ಮಾಡುವುದು? ಗಂಡಸರ ಕಡೆ ಕರೆದುಕೊಂಡು ಹೋಗಲು ಮನಸ್ಸು ಬರಲ್ಲ, ಹೆಂಗಸರ ಕಡೆ ನಾನು ಹೋಗುವಂತಿಲ್ಲ. ನಾನು ಮಾಡುವುದು ಹೀಗೆ. ಮನೆ ಬಿಡುವ ಮುಂಚೆ ಒಂದು ಸಲ ಹೋಗಿಬರುವುದು ಖಾಯಂ. ಮೆಟ್ರೋ ಸ್ಟೇಷನ್ ಹತ್ತಿರ ಇದ್ದರೆ ಅಲ್ಲಿಗೇ ಹೋಗುತ್ತೇನೆ, ಅಲ್ಲಿನ ಮಹಿಳಾ ಸಿಬ್ಬಂದಿಗೆ, ಅಕ್ಕ, ಮಗಳನ್ನು ಸ್ವಲ್ಪ ನೋಡಿಕೊಳ್ಳುತ್ತೀರಾ ಅಂತ ಕೇಳುತ್ತೇನೆ, ಯಾರೂ ಇಲ್ಲ ಅಂದಿಲ್ಲ. ಬಾಗಿಲ ಹೊರಗೇ ನಿಂತು ಅವಳ ಜೊತೆ ಮಾತಾಡುತ್ತಾ ಇರುತ್ತೇನೆ, ನನ್ನ ದನಿ ಕೇಳುತ್ತಿದ್ದರೆ ಅವಳಿಗೆ ಧೈರ್ಯ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಖಾಲಿ ಕವರ್, ಪೇಪರ್ ಸೋಪು. ತಾನೇ ತೊಳೆದುಕೊಳ್ಳುವುದನ್ನು ಬೇಗ ಕಲಿಸಿ. ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು, ಉಲ್ಟಾ ಮಾಡಿದರೆ ಮೂತ್ರದ ಸೋಂಕು ಆಗುವ ಸಾಧ್ಯತೆ ಜಾಸ್ತಿ. ಇದು ಎಷ್ಟೋ ಅಪ್ಪಂದಿರಿಗೆ ಗೊತ್ತೇ ಇಲ್ಲ, ಯಾರೂ ಹೇಳಿಕೊಟ್ಟಿರಲ್ಲ.

ಶಾಲೆಯ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರೀ ಅಮ್ಮಂದಿರೇ ಇರುತ್ತಾರೆ. ನಾಳೆ ಹಳದಿ ಬಟ್ಟೆ, ನಾಡಿದ್ದು ಹಣ್ಣು ತರಬೇಕು ಅನ್ನುವುದೆಲ್ಲ ಅಲ್ಲಿ ಬರುತ್ತೆ, ನಿಮಗೆ ತಲುಪುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತೆ. ಟೀಚರ್ ಹತ್ತಿರ ಮಾತಾಡಿ ನಿಮ್ಮ ನಂಬರ್ ಸೇರಿಸಲು ಹೇಳಿ. ಮಗುವಿಗೆ ಜ್ವರ ಬಂದರೆ ಮೊದಲು ಫೋನ್ ಮಾಡುವ ನಂಬರ್ ಕೂಡ ನಿಮ್ಮದೇ ಇರಲಿ, ಬರಹದಲ್ಲಿ ಕೊಡಿ. ಪಾಳಿಯಲ್ಲಿರುವ ಹೆಂಡತಿ ಫೋನ್ ಎತ್ತಲು ಆಗದೇ ಇರಬಹುದು. ನನ್ನ ಸಹೋದ್ಯೋಗಿಯೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸುತ್ತಿದ್ದಾರೆ. ಅಮ್ಮನನ್ನು ಕರೆದುಕೊಂಡು ಬಾ ಅಂತ ಆ ಮಗುವಿಗೆ ಶಾಲೆಯಲ್ಲಿ ಹೇಳಿದ್ದನ್ನು ಅವರು ಹೇಳುವಾಗ ನನಗೆ ಬಹಳ ಸಂಕಟ ಆಯಿತು. ಶಾಲೆಯವರು ಅಪ್ಪನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನಾವು ಬಾಯಿಬಿಟ್ಟು ಕೇಳದಿದ್ದರೆ ಆಗಲ್ಲ.

ಆಫೀಸಿನಲ್ಲೂ ಕೇಳಿ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನೆಗೆ ಜಾಗ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿಯಲ್ಲೇ ಬಂದಿದೆ. ಅದನ್ನು ತಾಯಂದಿರನ್ನು ನೆನೆದು ಬರೆದದ್ದು ನಿಜ, ಆದರೂ ಅಪ್ಪಂದಿರ ಮಕ್ಕಳನ್ನೂ ಬಿಟ್ಟುಕೊಳ್ಳುತ್ತೀರಾ ಅಂತ ಕೇಳಿನೋಡಿ. ಶಾಲೆಗೆ ಏಕಾಏಕಿ ರಜೆ ಕೊಟ್ಟ ದಿನ ಬಹಳ ಅನುಕೂಲ ಆಗುತ್ತೆ.

ನೆಂಟರು ಬಂದಾಗ ಎರಡು ಥರದ ಮಾತು ಬರುತ್ತೆ. ಒಂದು, ಅಯ್ಯೋ ಪಾಪ, ಇವನೇ ಎಲ್ಲ ಮಾಡಬೇಕಾ ಅಂತ. ಇನ್ನೊಂದು, ಎಂಥಾ ಒಳ್ಳೇ ಅಪ್ಪ ಅಂತ ಬಾಯಿ ತುಂಬಾ ಹೊಗಳಿಕೆ. ಎರಡನ್ನೂ ಮಗಳ ಮುಂದೆ ಅಲ್ಲೇ ನಿಲ್ಲಿಸಿ. ಪಾಪ ಅನ್ನುವುದು ಕಿವಿಗೆ ಬಿದ್ದರೆ ನಾನು ಅಪ್ಪನಿಗೆ ಭಾರ ಅಂದುಕೊಳ್ಳುತ್ತಾಳೆ. ಹೊಗಳಿಕೆ ಕೇಳಿದರೆ, ದಿನಾ ಇದನ್ನೇ ಮಾಡುವ ಅಮ್ಮನಿಗೆ ಯಾಕೆ ಯಾರೂ ಏನೂ ಹೇಳಲ್ಲ ಅಂತ ಅವಳು ಕೇಳಿದರೆ ಉತ್ತರ ಇರಲ್ಲ. ನಾನು ಅವಳ ಅಪ್ಪ, ನಾನಲ್ಲದೆ ಇನ್ನಾರು ಮಾಡಬೇಕು ಅಂತ ಹೇಳಿ ಮಾತು ಬದಲಿಸುತ್ತೇನೆ.

ಇನ್ನೂ ಒಂದು. ಸ್ವಲ್ಪ ದಿನ ಆದ ಮೇಲೆ ನಿಮ್ಮ ಮಗಳು ಅಮ್ಮ ಬೇಡ, ಅಪ್ಪನೇ ಜಡೆ ಹಾಕಲಿ ಅನ್ನುವ ದಿನ ಬರುತ್ತೆ. ನಮ್ಮ ಮನೆಯಲ್ಲಿ ಬಂತು. ನಿಮಗೆ ಖುಷಿಯಾಗುತ್ತೆ, ಆದರೆ ಬೆಳಗ್ಗೆಯಿಂದ ದುಡಿದು ಬಂದ ಹೆಂಡತಿಗೆ ಅದು ಎದೆಗೆ ನಾಟುತ್ತೆ. ಅವರಿಗೆ ಅಂತಲೇ ಒಂದು ಹೊತ್ತು ಉಳಿಸಿ. ನಮ್ಮಲ್ಲಿ ರಾತ್ರಿಯ ಊಟ ಮತ್ತು ಕಥೆ ಅಮ್ಮನದು, ನಾನು ಆ ಹೊತ್ತಿಗೆ ಪಾತ್ರೆ ತೊಳೆಯಲು ಹೋಗುತ್ತೇನೆ, ನಡುವೆ ತಲೆ ಹಾಕಲ್ಲ. ಅಮ್ಮ ಬಂದ ಕೂಡಲೇ ಮಗಳು ಇಲ್ಲಸಲ್ಲದ ಹಟ ಮಾಡಿದರೂ ಗಾಬರಿ ಬೇಡ. ದಿನವಿಡೀ ಅಮ್ಮನಿಗೆ ಅಂತ ತಡೆದಿಟ್ಟುಕೊಂಡಿದ್ದು ಆಗ ಹೊರಗೆ ಬರುತ್ತೆ ಅಷ್ಟೇ.

ಶಾಲೆ ಎಷ್ಟು ಗಂಟೆಗೆ, ನೀವೇ ಬಿಡುತ್ತೀರಾ ಅಥವಾ ವ್ಯಾನಾ ಅಂತ ನೀವು ಬರೆದಿಲ್ಲ. ವ್ಯಾನ್ ಆದರೆ ಒಳಗೆ ಆಯಾ ಇದ್ದಾರಾ, ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ ಒಂದು ದಿನ ಖುದ್ದಾಗಿ ನೋಡಿ ಸೇರಿಸಿ. ಸಮಯ ಹೇಳಿದರೆ ನಾವು ಎಷ್ಟೊತ್ತಿಗೆ ಏಳುತ್ತೇವೆ, ಯಾವುದನ್ನು ರಾತ್ರಿಯೇ ಮುಗಿಸಿಡುತ್ತೇವೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ಮಗಳ ಕೂದಲು ಎಷ್ಟು ಉದ್ದ ಅಂತಲೂ ಹೇಳಿ, ಭುಜದ ತನಕ ಮಾತ್ರ ಇದ್ದರೆ ಸದ್ಯಕ್ಕೆ ಎರಡು ಜುಟ್ಟೇ ಸಾಕು.